ಸುತ್ತು ಹಾಕದ ನರ

ನಡುಮನೆಯ ಕಿಟಕಿ ಬಳಿಯಿಂದ
ಸೋಮವಾರ, ಮಾರ್ಚ್ 9

ಪ್ರೀತಿಯ ಗುಬ್ಬಿ,

ನೀವೆಲ್ಲ ಹೇಗಿದ್ದೀರಿ? ನಿನ್ನ ಬಾಣಂತನದ ಬೆನ್ನುನೋವು ಕಡಿಮೆಯಾಯಿತೇ? ಜಗಳವಾದ ಮೇಲೆ ಅಪ್ಪನ ಫೋನ್ ಎತ್ತುವುದನ್ನೇ ಬಿಟ್ಟಿದ್ದೀಯಲ್ಲ, ಅದಕ್ಕೇ ಈ ಕಾಗದ. ನನ್ನ ಕತ್ತಿನ ಥೈರಾಯ್ಡ್ ಗಂಟಿನ ಸುದ್ದಿ ನಿಮ್ಮಮ್ಮ ಹೇಳಿರುತ್ತಾಳೆ. ಗಂಟು ಕೆಟ್ಟದ್ದಲ್ಲ, ತೆಗೆಸಿದರೆ ಸರಿಹೋಗುತ್ತದೆ ಎನ್ನುತ್ತಾರೆ. ಎನ್ನುತ್ತಾರೆ, ಅಷ್ಟೆ. ನನಗೆ ಯಾರ ಮಾತಿನ ಮೇಲೂ ನಂಬಿಕೆಯಿಲ್ಲ.

ಹೋದ ವಾರ ಸರ್ಜನ್ ನನ್ನ ಸ್ಕ್ಯಾನ್ ಫಿಲ್ಮನ್ನು ದೀಪಕ್ಕೆ ಹಿಡಿದು ಎರಡೆರಡು ಸಲ ನೋಡಿದ. ಪಕ್ಕದ ಕೋಣೆಯಿಂದ ಇನ್ನೊಬ್ಬನನ್ನು ಕರೆದ. ಇಬ್ಬರೂ ಮುಖ ಮುಖ ನೋಡಿಕೊಂಡರು. ಜೀವಮಾನವೆಲ್ಲ ಹಣ್ಣಿನ ಮಂಡಿಯಲ್ಲಿ ಹರಾಜು ಕೂಗಿದವನು ನಾನು, ಒಳಗೊಳಗೇ ಮಾತಾಡಿಕೊಂಡು ಬಂದವರ ಕಣ್ಣು ನನಗೆ ಗೊತ್ತಾಗುವುದಿಲ್ಲವೇ? "ಯಜಮಾನ್ರೇ, ನಿಮ್ಮ ಬಲಗೈಗೆ ಹೋಗೋ ರಕ್ತನಾಳ ಎಡಗಡೆಯಿಂದ ಹೊರಟು ಅನ್ನನಾಳದ ಹಿಂದೆ ಹಾದು ಬಂದಿದೆ" ಎಂದ ಸರ್ಜನ್. ಬೇರೆಯವರಲ್ಲಿ ಬಲಗಡೆಯ ದನಿಯ ನರ ಎದೆಯ ಹತ್ತಿರ ಇಳಿದು, ಆ ನಾಳಕ್ಕೆ ಸುತ್ತು ಹಾಕಿ ಮೇಲೆ ಬರುತ್ತದಂತೆ. ನನಗೆ ಅಲ್ಲಿ ನಾಳವೇ ಇಲ್ಲ, ಹಾಗಾಗಿ ನರ ಕತ್ತಿನ ಪಕ್ಕದಿಂದ ನೇರವಾಗಿ ಗಂಟಲಿಗೆ ನುಗ್ಗಿರುತ್ತದಂತೆ. ಗೊತ್ತಿಲ್ಲದೆ ಕತ್ತರಿಸಿದರೆ ದನಿ ಹೋಯಿತು. ಅಯ್ಯೋ ಪುಣ್ಯಾತ್ಮ, ಕೈ ತಪ್ಪಿದರೆ ಹೇಳಲು ಈಗಲೇ ನೆಪ ಹುಡುಕಿಟ್ಟುಕೊಂಡನಲ್ಲ ಎಂದು ನನಗೆ ಮೈ ಉರಿಯಿತು.

ಫಿಲ್ಮ್ ಕಿತ್ತುಕೊಂಡು ಬೇರೊಬ್ಬ ಡಾಕ್ಟರ ಬಳಿ ಹೋದೆ. ಮೊದಲಿನವನು ಹೇಳಿದ್ದನ್ನು ಬೇಕೆಂದೇ ಹೇಳಲಿಲ್ಲ. ಆತ ಕವರನ್ನೂ ಬಿಚ್ಚದೆ, "ಮಾಮೂಲಿ ಕೇಸು, ಏನೂ ಯೋಚ್ನೆ ಮಾಡ್ಬೇಡಿ" ಎಂದು ನಕ್ಕ. ನಗು ಬಹಳ ಚೆನ್ನಾಗಿತ್ತು. ನಿಮ್ಮಮ್ಮನಿಗೆ ಅವನೇ ಹಿಡಿಸಿದ. ನನಗೆ ಮಾತ್ರ ಆ ನಗುವೇ ಹಿಡಿಸಲಿಲ್ಲ. ಪೆಟ್ಟಿಗೆ ಬಿಚ್ಚಿ ನೋಡದೆ ಬೆಲೆ ಕೂಗುವವನ ಕೈಗೆ ಕತ್ತು ಕೊಡುವುದೇ? ಮುಖ ಗಂಟಿಕ್ಕಿಕೊಂಡು ಹೆದರಿಸಿದವನ ಬಳಿಗೇ ವಾಪಸು ಹೋದೆ. ಮೊದಲು ನರ ಎಲ್ಲಿದೆಯೆಂದು ಹುಡುಕಿ, ಆಮೇಲೆ ಗಂಟಿಗೆ ಕೈ ಹಾಕುತ್ತಾನಂತೆ. ಆದರೂ ಖಾತ್ರಿ ಕೊಡುವುದಿಲ್ಲವಂತೆ. ಅವನ ಮೇಲೂ ಒಂದು ಕಣ್ಣಿಟ್ಟಿದ್ದೇನೆ, ಮತ್ತಿನ ಮದ್ದು ಕೊಡುವ ತನಕವಾದರೂ.

ಅಳಿಯನನ್ನು ಕೇಳಿದೆನೆಂದು ಹೇಳು. ನಿಮ್ಮೆಲ್ಲರಿಗೂ ನನ್ನ ಆಶೀರ್ವಾದ. ಕೋಪ ಇನ್ನೂ ಇದ್ದರೆ ಇರಲಿ, ಆಶೀರ್ವಾದ ಮಾತ್ರ ವಾಪಸು ಕಳಿಸಬೇಡ.

ಇಂತಿ,
ನಿನ್ನ ಅಪ್ಪ

ಬರೆಯಲು ಮರೆತೆ: ಆಪರೇಷನ್ ಬರುವ ಸೋಮವಾರ ಬೆಳಿಗ್ಗೆ. ನನಗೆ ಹೆದರಿಕೆಯಾಗುತ್ತಿದೆ, ಗುಬ್ಬಿ. ಭಾನುವಾರ ಫೋನ್ ಮಾಡುತ್ತೇನೆ, ಎತ್ತು. ನೀನು ನನ್ನ ಜೊತೆ ಮಾತಾಡದಿದ್ದರೂ ಪರವಾಗಿಲ್ಲ, ಪಾಪುವಿನ ಕಿವಿಗೆ ಹಿಡಿ ಸಾಕು. ಅಜ್ಜನ ದನಿಯನ್ನು ಅದು ಒಂದು ಸಲವೂ ಕೇಳಿಲ್ಲ.