ಎಡೆಗೆ ಬೇಕಾದ ಪಟ

ಪಾಂಡವಪುರ
20 ಸೆಪ್ಟೆಂಬರ್ 2025

ಪ್ರೀತಿಯ ದಿಲೀಪಣ್ಣನಿಗೆ ತಂಗಿ ರಂಜಿತಳ ನಮಸ್ಕಾರ.

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಈಗಲೂ ಮದುವೆ ಮನೆಯ ಕೊನೆಯ ಪಂಕ್ತಿಯೋ? ನಾವು ಇದ್ದೇವೆ. ಕೆ.ಆರ್. ಪೇಟೆಯ ಮದುವೆಗೆ ಫೋಟೊ ತೆಗೆಯಲು ಹೋದ ನೀನು ಬರಲಿಲ್ಲ, ನಾಲೆ ಏರಿಯ ಮೇಲೆ ನಿನ್ನ ಬೈಕು ಮಾತ್ರ ಸಿಕ್ಕಿತು. ಅದಾಗಿ ವರ್ಷ ಕಳೆಯಿತು. ನಾಳೆ ಮಹಾಲಯ ಅಮಾವಾಸ್ಯೆ. ತೀರಿಕೊಂಡವರ ಪಟಗಳ ಸಾಲಿನಲ್ಲಿ ನಿನ್ನದನ್ನೂ ಇಟ್ಟು ಎಡೆ ಹಾಕಬೇಕೆಂದು ಅಪ್ಪ ಹಟ ಹಿಡಿದಿದ್ದಾರೆ. "ಅಸ್ಕೊಂಡು ಅಲೀತಾವ್ನೆ ಕಣವ್ವ" ಎನ್ನುತ್ತಾರೆ. ಅವ್ವ ಮಾತ್ರ "ಇರೋ ಮಗಂಗೆ ಎಡೆ ಇಕ್ಕುದ್ರೆ ನಾನೀ ಮನೇಲಿರಕಿಲ್ಲ" ಎಂದು ಒಲೆ ಮುಂದೆ ಕೂತುಬಿಟ್ಟಿದ್ದಾಳೆ. ನಾನು ಅಡಕತ್ತರಿಯಲ್ಲಿ ಸಿಕ್ಕಿಕೊಂಡಿದ್ದೇನೆ.

ಊರವರ ಪಟವೆಲ್ಲ ತೆಗೆದವನು ನೀನು, ನಿನ್ನದೇ ಒಂದು ಪಟ ಮನೆಯಲ್ಲಿಲ್ಲ. ಇದ್ದರೆ ನಿನ್ನ ಲಿನಕ್ಸ್ ಕಂಪ್ಯೂಟರಿನಲ್ಲಿರಬೇಕು. ಅಲ್ಲೋ, ಎಲ್ಲ ಮದುವೆಗಳನ್ನೂ ಮೂಟೆಯ ಹಾಗೆ ಒಂದೇ ಟಾರ್ ಫೈಲಿಗೆ ಕಟ್ಟಿ, ಡಿಸ್ಕಿನ ಒಂದು ಭಾಗವನ್ನು, ಅದೇ ಒಂದು ಪಾರ್ಟಿಷನ್ನನ್ನು, ಪೂರ್ತಿ ತುಂಬಿಸಿಬಿಟ್ಟಿದ್ದೀಯ, ಪುಣ್ಯಾತ್ಮ. ಬಿಚ್ಚಲು ಅಲ್ಲಿ ಜಾಗವಿಲ್ಲ. ಇನ್ನೊಂದು ಪಾರ್ಟಿಷನ್ನಿಗೆ ಕಾಪಿ ಮಾಡಿದೆ, ಆ ಫೈಲೇ ಅದನ್ನೂ ತುಂಬಿಬಿಟ್ಟಿತು. ನಿನ್ನ ಗೆಳೆಯ ಅಪ್ಪು ಫೋನಿನಲ್ಲೇ ಬೈದ: "ಮೂಟೆ ಅಲ್ಲೇ ಇರ್ಲಿ ಕಣವ್ವ. ಒಂದೊಂದೇ ಫೋಲ್ಡರ್ ಎಸ್ರು ಕೊಟ್ಟು ನೇರ ಈಚೆ ಪಾರ್ಟಿಷನ್ನಿಗೆ ಬಿಚ್ಚು. ನೋಡ್ಬುಟ್ಟು ಅಳ್ಸು, ಆಮೇಲೆ ಇನ್ನೊಂದು."

ಆ ಕಾಪಿ ಅಳಿಸಿ ಹಾಗೇ ಮಾಡಿದೆ. ಯಾವ ಮದುವೆಯಲ್ಲೂ ನೀನಿಲ್ಲ, ವಿಡಿಯೊಗಳಲ್ಲಿ ದನಿ ಮಾತ್ರ: "ಒಸಿ ಈ ಕಡೆ ನೋಡಿ ಅತ್ತೆ, ನಗಿ." ಮೇಲುಕೋಟೆಯ ಮದುವೆಯಲ್ಲಿ ಯಾರನ್ನೋ "ಅವ್ವಾ, ಒಸಿ ನೀರು ಕೊಡಿ" ಎಂದು ನೀನು ಕೇಳಿದ್ದು ಜೋರಾಗಿ ಬಂತು. ಅವ್ವ ಚೊಂಬು ಹಿಡಿದು ಓಡಿಬಂದಳು. "ಬಂದ್ಯಾ ಮಗ?" ಎಂದು ಬಾಗಿಲ ಕಡೆ ನೋಡಿದಳು. ಆ ಫೋಲ್ಡರನ್ನು ಅಳಿಸದೆ ಮುಂದಿನದಕ್ಕೆ ಜಾಗವಿರಲಿಲ್ಲ. ಮೂಟೆಯಲ್ಲಿ ಇದ್ದೇ ಇರುತ್ತದೆ ಎಂದು ಗೊತ್ತಿದ್ದರೂ ಅಳಿಸುವಾಗ ಹೆದರಿಕೆಯಾಯಿತು ಅಣ್ಣ. ಆ ಚೊಂಬು ಇನ್ನೂ ಕಂಪ್ಯೂಟರಿನ ಪಕ್ಕದಲ್ಲೇ ಇದೆ, ಅವ್ವ ತೆಗೆಯಲು ಬಿಡುವುದಿಲ್ಲ.

ನೀನು ವಿಳಾಸ ಕೊಟ್ಟಿಲ್ಲ, ಈ ಕಾಗದವನ್ನು ಬೀರುವಿನಲ್ಲಿ ನಿನ್ನ ಅಂಗಿಗಳ ನಡುವೆ ಇಡುತ್ತೇನೆ. ತಲೆಗೆ ಎಣ್ಣೆ ಹಚ್ಚಿಕೊಳ್ಳಬೇಕಂತೆ, ಅವ್ವ ಹೇಳಿದ್ದಾಳೆ.

ನಿನ್ನ ತಂಗಿ,
ರಂಜಿತ

ಮರೆತಿದ್ದೆ: ಕೊನೆಯ ಫೋಲ್ಡರಿನಲ್ಲಿ ನಿನ್ನ ಪಟ ಸಿಕ್ಕಿತು. ಯಾರೋ ಕ್ಯಾಮೆರಾ ಕಿತ್ತುಕೊಂಡು ತೆಗೆದಿದ್ದಾರೆ, ಬಾಯಿ ತುಂಬ ನಗುತ್ತಿದ್ದೀಯ. ಅಪ್ಪನಿಗೆ "ಜಾಗ ಸಾಲ್ದು, ಬಿಚ್ಚಕಾಗ್ನಿಲ್ಲ" ಎಂದುಬಿಟ್ಟೆ. ಪಟವಿಲ್ಲದೆ ಎಡೆ ಬೇಡ, ಬರೋ ವರ್ಷ ನೋಡೋಣ ಎಂದು ಒಪ್ಪಿದರು. ಇದ್ದರೆ ಅಷ್ಟರೊಳಗೆ ಬಾ. ಇಲ್ಲದಿದ್ದರೆ, ನಾಳೆ ನಿನ್ನನ್ನು ಉಪವಾಸ ಕೆಡವಿದವಳು ನಾನೇ ಅಣ್ಣ.