ಕಚ್ಚಿಟ್ಟಿಗೆಯ ಕಮಲ ಮತ್ತು ನಮ್ಮ ಹೊಂಡ

ಬೇಗೆಯ ಶಕೆ ೨೪೧, ಹದಿಮೂರನೆಯ ತಿಂಗಳು, ಮೂವತ್ತಮೂರನೆಯ ದಿನ
ಗುಣಿಪೇಟೆ, ಮೂರನೆಯ ಮೆಟ್ಟಿಲು

ಇನ್ನೂ ಕೆರೆಯ ದಂಡೆಯ ಮೇಲೆ ನಿಲ್ಲಬಲ್ಲವರಿಗೆ,

ಈ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ಸೆಕೆ ಹನ್ನೆರಡು ತಿಂಗಳಲ್ಲಿ ಹಿಡಿಸದೆ ನಮ್ಮ ಹಿರಿಯರು ನಲವತ್ತೆರಡು ದಿನದ ಇನ್ನೊಂದನ್ನು ಸೇರಿಸಿಕೊಂಡರು. ನನ್ನ ಮಾತುಗಳೂ ನಿಮ್ಮ ಕಿವಿಗೆ ಒರಟಾಗಿ ಕೇಳಬಹುದು, ಮನ್ನಿಸಬೇಕು. ಎರಡು ಸಾಲು ಬರೆದು ಎದ್ದು ಬಾಗಿಲಿಗೆ ಹೋಗಿ ಬರುತ್ತಿದ್ದೇನೆ. ಕೂತಲ್ಲಿ ಕೂರಲು ಆಗುತ್ತಿಲ್ಲ.

ನನ್ನ ಹೆಸರು ಹಾಲಮ್ಮ. ನೀವು ಅದಿರು ತೆಗೆದು ಬಿಟ್ಟುಹೋದ ಗಣಿಯ ಗುಂಡಿಯೊಳಗೆ, ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಮನೆಗಳಲ್ಲಿ ನಾವಿರುವುದು. ಅದೇ ಗುಣಿಪೇಟೆ. ಮೇಲೆ ಬಯಲಿನಲ್ಲಿ ಹಗಲು ನಿಲ್ಲಲಾಗದು, ಇಲ್ಲಿ ಉಸಿರಾಡಬಹುದು. ನನ್ನ ಕೆಲಸ ಕರಗುಮನೆಯಲ್ಲಿ: ನಿಮ್ಮ ಕಾಲದ ಪ್ಲಾಸ್ಟಿಕ್ಕನ್ನು ಬಣ್ಣ ನೋಡಿ ಬೇರ್ಪಡಿಸಿ, ಕರಗಿಸಿ, ನೀರಿನ ಕೊಳವೆ ಮಾಡುವ ಮನೆ ಅದು. ಒಂದು ಚೂರನ್ನೂ ಮನೆಗೆ ಒಯ್ಯಬಾರದೆಂಬುದು ಅಲ್ಲಿನ ಮೊದಲ ಕಟ್ಟಳೆ.

ಹತ್ತನೆಯ ತಿಂಗಳಲ್ಲಿ ನನ್ನ ಕೈಗೆ ಅಂಗೈಯಗಲದ ಒಂದು ಪೆಟ್ಟಿಗೆ ಬಂತು. ಯಾರೂ ತೆರೆದಿರಲಿಲ್ಲ. ಮೇಲಿನ ಚಿತ್ರದಲ್ಲಿ ಗುಲಾಬಿ ಬಣ್ಣದ ಕಮಲ, ಎರಡು ಎಲೆ, ನೀರಂಚಿನ ಆಪುಹುಲ್ಲಿನ ಒಂದು ಕಡ್ಡಿ, ಅದರ ತುದಿಯಲ್ಲಿ ನೀಲಿ ಹುಳ. ಒಳಗೆ ಕಚ್ಚಿಟ್ಟಿಗೆಗಳು. ಒಂದನ್ನೊಂದು ಕಚ್ಚಿಕೊಳ್ಳುವುದರಿಂದ ನಾವು ಹಾಗೆನ್ನುತ್ತೇವೆ. ನಿಮಗವು ಮಕ್ಕಳ ಆಟದ ಇಟ್ಟಿಗೆಗಳಂತೆ. ಮೂವತ್ತೆಂಟು ವರ್ಷದಲ್ಲಿ ಏನನ್ನೂ ಕದಿಯದವಳು ಅದನ್ನು ಮಡಿಲಲ್ಲಿ ಮುಚ್ಚಿಕೊಂಡು ಮನೆಗೆ ಬಂದೆ.

ನಾನೂ ನನ್ನ ಹತ್ತು ವರ್ಷದ ಮಗಳು ಗಾಳೆಮ್ಮನೂ ಕೂತು ಮೂರು ದಿನ ಕಟ್ಟಿದೆವು. ಜೊತೆಗಿದ್ದ ಪುಸ್ತಕದಲ್ಲಿ ಅಕ್ಷರವೇ ಇರಲಿಲ್ಲ, ಬರೀ ಚಿತ್ರ. ಎಸಳುಗಳನ್ನು ಎರಡು ಸಲ ತಲೆಕೆಳಗು ಹಾಕಿ ಬಿಚ್ಚಿದೆವು. ಹುಳದ ಒಂದು ರೆಕ್ಕೆ ನನ್ನ ಬೆರಳಲ್ಲೇ ಪುಡಿಯಾಯಿತು, ಅಷ್ಟು ಹಳತಾಗಿತ್ತು. ಹಳೆಯ ಒಲೆಯ ಕಿಂಡಿಗೆ ಹಾಕಿದ್ದ ಕಾಗೆಬಂಗಾರದ ಹಾಳೆ ಕತ್ತರಿಸಿ ಇನ್ನೊಂದು ಮಾಡಿದೆ. ಅದನ್ನು ಕೂರಿಸುವಾಗ ಗಾಳೆಮ್ಮ ಹೇಳಿದಳು: “ಅವ್ವಾ, ಇದು ನಮ್ಮ ಹೊಂಡದಾಗಿನ ಏರೋಪ್ಲೇನ್ ಚಿಟ್ಟಿ. ಸೊಳ್ಳಿ ಹಿಡದು ತಿಂತಾವ. ನಾ ನೋಡೀನಿ.” ಏರೋಪ್ಲೇನ್ ಎಂದರೇನೆಂದು ಅವಳಿಗೆ ಗೊತ್ತಿಲ್ಲ. ಹೆಸರು ಮಾತ್ರ ಉಳಿದಿದೆ.

ಗುಂಡಿಯ ತಳದಲ್ಲಿ ನಮಗೊಂದು ಹೊಂಡವಿದೆ, ಆಕಾಶಕ್ಕೆ ತೆರೆದ ನೀರು ಅದೊಂದೇ. ಅದನ್ನು ಮಣ್ಣು ಹಾಕಿ ಮುಚ್ಚಬೇಕೋ ಬೇಡವೋ ಎಂದು ಅದೇ ವಾರ ಊರು ಕೈ ಎತ್ತುವುದಿತ್ತು. ಹಿಂದಿನ ವರ್ಷ ಸೊಳ್ಳೆಜ್ವರಕ್ಕೆ ಒಂಬತ್ತು ಜನ ಹೋಗಿದ್ದರು. ಮುಚ್ಚಬೇಕೆಂದವರಲ್ಲಿ ಮೊದಲಿಗ ನೀರಿನ ಉಸ್ತುವಾರಿಯ ಜಂಬಣ್ಣ. ಅವನ ಹೆಂಡತಿ ಹುಲಿಗೆಮ್ಮ ಆ ಒಂಬತ್ತರಲ್ಲಿ ಒಬ್ಬಳು.

ನಾನು ಕಮಲವನ್ನು ಒಯ್ದು ಊರು ಸೇರುವ ಕಟ್ಟೆಯ ಗೂಡಿನಲ್ಲಿಟ್ಟೆ. ಇಟ್ಟರೆ ಕದ್ದದ್ದು ಬಯಲಾಗುತ್ತದೆಂದು ಗೊತ್ತಿತ್ತು. ಆಯಿತು ಕೂಡ: ಎರಡು ತಿಂಗಳು ಮೇಲಿನ ಬಿಸಿಲಿನ ಪಾಳಿ ಶಿಕ್ಷೆ ಬಂತು. ಆದರೆ ಕೈ ಎತ್ತುವ ದಿನದವರೆಗೆ ಅದನ್ನು ಅಲ್ಲಿಂದ ತೆಗೆಯಲು ಯಾರಿಗೂ ಮನಸ್ಸಾಗಲಿಲ್ಲ. ಜನ ಸಾಲಾಗಿ ಬಂದರು, ಮುದುಕಿಯರು ಬಗ್ಗಿ ಮೂಸಿದರು. ಹೂವು ಹೀಗಿರುತ್ತದೆಂದು ಅವರಲ್ಲಿ ಅನೇಕರು ನಂಬಿರಲೇ ಇಲ್ಲ.

ಜಂಬಣ್ಣ ಕೊನೆಗೆ ಬಂದ. ಬಹಳ ಹೊತ್ತು ನೋಡಿ, “ಚಂದ ಐತಿ ಹಾಲಮ್ಮ. ಅದಕ್ಕೇ ನನಗ ಅಂಜಿಕಿ. ನಮ್ಮ ಹೊಂಡ ಹಿಂಗಿಲ್ಲ,” ಎಂದ. ಗಾಳೆಮ್ಮ ಚಿಟ್ಟೆ ಸೊಳ್ಳೆ ತಿನ್ನುವ ಮಾತು ತೆಗೆದಳು. ಅವನು ಅವಳನ್ನು ಗದರಲಿಲ್ಲ. “ಎಷ್ಟು ತಿಂತಾವ, ತಂಗಿ? ಹುಲಿಗೆವ್ವನ್ನ ಕಚ್ಚಿದ್ದು ಒಂದೇ ಸೊಳ್ಳಿ.”

ಅವನ ಮಾತು ಸುಳ್ಳಲ್ಲವೆಂದು ನನಗೆ ಗೊತ್ತಿತ್ತು. ಆದರೂ ಕಮಲವನ್ನು ಅಲ್ಲಿಂದ ತೆಗೆಯಲಿಲ್ಲ. ಹನ್ನೊಂದು ಕೈಗಳ ಅಂತರದಲ್ಲಿ ಹೊಂಡ ಉಳಿಯಿತು, ಹದಿಮೂರನೆಯ ತಿಂಗಳು ಮುಗಿಯುವವರೆಗೆ. ಪಕ್ಕದ ಮನೆಯ ಬಸಲಿಂಗಮ್ಮ, ಐದು ತಿಂಗಳ ಬಸುರಿ, ಕಟ್ಟೆ ಇಳಿದು ಬರುವಾಗ ನನ್ನ ಕೈ ಹಿಡಿದು, ಆ ಹೂವು ನೋಡಿಯೇ ತಾನು ಕೈ ಎತ್ತಿದ್ದೆಂದಳು. ಆ ದಿನ ನನಗೆ ಹೆಮ್ಮೆಯಾಯಿತು.

ಮಾರನೆಯ ದಿನದಿಂದ ಜಂಬಣ್ಣ ಹೊಂಡದ ದಡದಲ್ಲಿ ಕೂರತೊಡಗಿದ. ಸೋತೆನೆಂಬ ಸಿಟ್ಟಿಗಲ್ಲ, ಎಣಿಸುವುದಕ್ಕೆ. ಗಾಜಿನ ಭರಣಿಯಲ್ಲಿ ನಲವತ್ತು ಸೊಳ್ಳೆಮರಿ, ಎರಡು ಚಿಟ್ಟೆಮರಿ ಬಿಟ್ಟ; ಚಿಟ್ಟೆಯ ಮರಿಗಳು ನೀರಿನಲ್ಲೇ ಬೆಳೆಯುತ್ತವೆಂದು ನಮಗೆ ಆಗಲೇ ತಿಳಿದದ್ದು. ಒಂದೂವರೆ ದಿನದಲ್ಲಿ ಸೊಳ್ಳೆಮರಿ ಒಂದೂ ಉಳಿಯಲಿಲ್ಲ. ಗಾಳೆಮ್ಮ ಕುಣಿದಳು. ಅವನು ನಗಲಿಲ್ಲ. ಭರಣಿಯ ಗುಣ ಹೊಂಡಕ್ಕೂ ಇದೆಯೆಂದು ಹೇಳುವವರು ಯಾರು ಎಂದು ನನ್ನನ್ನು ಕೇಳಿದ.

ಹನ್ನೆರಡನೆಯ ತಿಂಗಳಲ್ಲಿ ಜ್ವರ ಬಂತು. ಈ ಸಲ ಎರಡೇ ಮನೆ, ಯಾರೂ ಸಾಯಲಿಲ್ಲ. ಕಡಿಮೆಯಾದದ್ದು ಚಿಟ್ಟೆಯಿಂದಲೋ, ಮಳೆ ತಡವಾದದ್ದರಿಂದಲೋ, ಗೊತ್ತಿಲ್ಲ. ಆ ಎರಡರಲ್ಲಿ ಒಂದು ಬಸಲಿಂಗಮ್ಮನ ಮನೆ. ಹನ್ನೊಂದು ದಿನ ಅವಳ ಹಣೆಯ ಮೇಲಿನ ಬಟ್ಟೆ ಬದಲಿಸಿದೆ. ಅವಳು ಉಳಿದಳು. ಬಸಿರು ಉಳಿಯಲಿಲ್ಲ.

ನಾನು ಅವಳ ಎದುರು ಕೂತು ಗಂಜಿ ಕುಡಿಸುತ್ತಿದ್ದಾಗ ಅವಳೇ ಅಂದಳು: “ಕೈ ಎತ್ತಿದಾಕಿ ನಾನು, ಅಕ್ಕ. ನಿಂದೇನೈತಿ.” ಬೈದಿದ್ದರೆ ಅತ್ತು ಮಲಗುತ್ತಿದ್ದೆನೇನೋ. ಆ ಮಾತು ಕೇಳಿದಂದಿನಿಂದ ಹೀಗೆ ಎದ್ದು ಕೂತು ಮಾಡುತ್ತಿದ್ದೇನೆ.

ಗೂಡಿನಿಂದ ಕಮಲವನ್ನು ನಾನೇ ಇಳಿಸಿದೆ. ಬಿಚ್ಚಲು ಹೋದೆ, ಕೈ ಬರಲಿಲ್ಲ. ಕರಗುಮನೆಗೆ ಒಪ್ಪಿಸಲೂ ಆಗಲಿಲ್ಲ. ಈಗದು ಜಂಬಣ್ಣನ ಮನೆಯಲ್ಲಿದೆ. ಅವನೇ ಬಂದು ಕೇಳಿ ಒಯ್ದ.

ಆದ್ದರಿಂದ ನಿಮ್ಮಲ್ಲಿ ಒಂದು ಬೇಡಿಕೆ. ಕಮಲ ಎಷ್ಟು ಎಸಳಿನದು, ಚಿಟ್ಟೆಯ ನೀಲಿ ಎಂಥದು ಎಂಬುದನ್ನೆಲ್ಲ ನೀವು ಅಷ್ಟು ಅಕ್ಕರೆಯಿಂದ ಮಾಡಿ ಪೆಟ್ಟಿಗೆಯಲ್ಲಿಟ್ಟಿರಿ. ಅವು ಬದುಕುತ್ತಿದ್ದ ಬಗೆಯನ್ನು ಮಾತ್ರ ಎಲ್ಲೂ ಬರೆದಿಡಲಿಲ್ಲ, ಬರೆದಿದ್ದರೆ ನಮಗೆ ತಲುಪಲಿಲ್ಲ. ನಿಮ್ಮ ಊರಿನ ಕೆರೆಗೆ ಹೋಗಿ. ಇಷ್ಟಗಲ ನೀರಿಗೆ ಎಷ್ಟು ಚಿಟ್ಟೆ ಬೇಕು, ಅವುಗಳ ಮರಿಗೆ ಯಾವ ಸೊಪ್ಪು ಬೇಕು, ಯಾವ ಮೀನು ಜೊತೆಗಿದ್ದರೆ ಒಳ್ಳೆಯದು, ಇದ್ದರೂ ಜ್ವರ ಬರುತ್ತದೆಯೇ, ನೋಡಿ ಬರೆಯಿರಿ. ಉತ್ತರ ಹೊಂಡ ಮುಚ್ಚಿರಿ ಎಂದಿದ್ದರೆ ಅದನ್ನೇ ಬರೆಯಿರಿ. ಅಳಿಸದ ಮಸಿಯಲ್ಲಿ ಬರೆದು, ಒಡೆಯದ ಪೆಟ್ಟಿಗೆಯಲ್ಲಿಡಿ.

ಊರು ಮತ್ತೆ ಕೈ ಎತ್ತಲು ಇನ್ನು ಒಂಬತ್ತು ದಿನವಿದೆ. ಬೇಗ ಬರೆಯಿರಿ.

ಹಾಲಮ್ಮ