ಬೆನ್ನು ತಿರುಗಿಸಿದ ಸೀಸನ್

ಪಲ್ಲಾವರಂ, ಚೆನ್ನೈ
11 ಮೇ 2025, ಭಾನುವಾರ

ಹರಿಪ್ರಿಯಾಳಿಗೆ ಬೃಂದಾ ಮಾಡುವ ನಮಸ್ಕಾರ.

ಎಂಟು ವರ್ಷದ ಗೆಳೆತನದಲ್ಲಿ ನಿನಗೆ ನಮಸ್ಕಾರ ಅಂತ ಬರೆಯುತ್ತಿರುವುದು ಇದೇ ಮೊದಲು. ‘ಏ ಹರಿ’ ಅಂತ ಶುರು ಮಾಡಿದ್ದೆ, ಆ ಹಾಳೆ ಹರಿದು ಹಾಕಿದೆ. ನಿನ್ನ ನಂಬರನ್ನು ಬ್ಲಾಕ್ ಮಾಡಿರುವುದು ನಿನಗೆ ಇಷ್ಟರಲ್ಲಿ ಗೊತ್ತಾಗಿರಬೇಕು. ಅದನ್ನು ತೆಗೆದು ಮಾತಾಡಬಹುದಿತ್ತು. ಆದರೆ ನೀನು ಬಾಯಿ ತೆರೆದರೆ ನಾನು ಹತ್ತು ನಿಮಿಷದಲ್ಲಿ ಮೆತ್ತಗಾಗಿ, ಕೊನೆಗೆ ನಾನೇ ಸಾರಿ ಕೇಳಿ ಫೋನ್ ಇಡುತ್ತೇನೆ. ಅದಕ್ಕೇ ಈ ಕಾಗದ. ವಿಳಾಸ ನಿಮ್ಮ ಫುಟ್‌ಬಾಲ್ ಕ್ಲಬ್ಬಿನ ವೆಬ್‌ಸೈಟಿನಲ್ಲಿ ಸಿಕ್ಕಿತು. ಕ್ಲಬ್ಬಿಗೆ ಈಗ ಹೊಸ ಊರು, ಹೊಸ ಹೆಸರು. ಜರ್ಸಿ ಕೂಡ ಹಸಿರು ಹೋಗಿ ಕೆಂಪಾಗಿದೆಯಂತೆ.

ನಾವಿಬ್ಬರೂ ಸಿಕ್ಕ ದಿನ ನಿನಗೆ ನೆನಪಿದೆಯೋ ಇಲ್ಲವೋ. ನಾನು ಮೈಸೂರಿನಿಂದ ಮದುವೆಯಾಗಿ ಬಂದು ಆರು ತಿಂಗಳಾಗಿತ್ತು. ಮೋಹನ್ ಆಫೀಸಿನವರು ಕೊಟ್ಟ ಪಾಸ್ ಹಿಡಿದು, ಫುಟ್‌ಬಾಲಿನ ಗಂಧಗಾಳಿ ಇಲ್ಲದೆ, ಮರೀನಾ ರೋವರ್ಸ್ ಆಟ ನೋಡಲು ಒಬ್ಬಳೇ ಬಂದಿದ್ದೆ. ಸುತ್ತ ಸಾವಿರಾರು ಜನ ತಮಿಳಿನಲ್ಲಿ ಕೂಗುತ್ತಿದ್ದರು. ಹಿಂದಿನ ಸಾಲಿನಿಂದ ಯಾರೋ ರೆಫರಿಯನ್ನು ‘ನಿನ್ ಕಣ್ಣಿಗೆ ಸುಣ್ಣ ಬಿದ್ದೈತೇನೋ ಮೂದೇವಿ’ ಅಂತ ಬೈದರು. ನಾನು ತಿರುಗಿ ನೋಡಿದೆ. ನೀನು. ಆರು ತಿಂಗಳಲ್ಲಿ ಮನೆಯ ಹೊರಗೆ ಕೇಳಿದ ಮೊದಲ ಕನ್ನಡ ಅದು. ಕೋಡಂಬಾಕ್ಕಂನಲ್ಲೇ ಹುಟ್ಟಿ ಬೆಳೆದವಳು, ಮನೆಯಲ್ಲಿ ಮಾತ್ರ ಕನ್ನಡ, ಕೋಪ ಬಂದಾಗ ಇನ್ನೂ ಚೆನ್ನಾಗಿ ಬರುತ್ತದೆ ಅಂತ ನೀನೇ ಹೇಳಿದೆ. ಮುಂದಿನ ಮ್ಯಾಚಿಗೆ ನನ್ನ ಪಕ್ಕದ ಸೀಟಿಗೆ ಬಂದೆ. ಈಸ್ಟ್ ಸ್ಟ್ಯಾಂಡ್, ಮೂರನೇ ಸಾಲು. ಆಮೇಲೆ ನಾವು ಆ ಜಾಗ ಬಿಡಲಿಲ್ಲ.

ಕಳೆದ ಜುಲೈನಲ್ಲಿ ನಿನಗೆ ಕ್ಲಬ್ಬಿನಲ್ಲಿ ಅಭಿಮಾನಿಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಾಗ ನಿನಗಿಂತ ಹೆಚ್ಚು ಕುಣಿದವಳು ನಾನು. ನಮ್ಮ ಸ್ಟ್ಯಾಂಡಿನ ಹುಡುಗಿ ಒಳಗೆ ಕೂತಿದ್ದಾಳೆ, ಇನ್ನು ನಮ್ಮ ಮಾತು ಮೇಲಿನವರ ಕಿವಿಗೆ ಬೀಳುತ್ತದೆ ಅಂದುಕೊಂಡೆವು. ಡ್ರಮ್ ಬಾರಿಸುವ ಮಹಾಲಿಂಗಪ್ಪನವರು ಟಿ. ನಗರದ ತಮ್ಮ ಬಟ್ಟೆ ಅಂಗಡಿಯಲ್ಲಿ ಎಲ್ಲರಿಗೂ ಮೈಸೂರುಪಾಕು ಹಂಚಿದರು. ಅವರಿಗೆ ಅರವತ್ತಮೂರು. ಹತ್ತು ವರ್ಷದಲ್ಲಿ ಎರಡೇ ಮ್ಯಾಚು ತಪ್ಪಿಸಿದ ಮನುಷ್ಯ.

ಸೀಸನ್ ಹೇಗೆ ಹೋಯಿತು ಅಂತ ನಿನಗೆ ಹೇಳಬೇಕಿಲ್ಲ. ಇಪ್ಪತ್ತೆರಡು ಆಟ, ಮೂರು ಗೆಲುವು. ಆದರೆ ಕೊನೆಯ ಮ್ಯಾಚು ಮುಗಿದ ಮೇಲೆ ಗೇಟಿನ ಹೊರಗಿನ ಟೀ ಅಂಗಡಿಯಲ್ಲಿ ನಾವೆಲ್ಲ ಏನು ಮಾತಾಡಿಕೊಂಡೆವು ಅನ್ನುವುದು ನಿನಗೆ ಗೊತ್ತಿಲ್ಲ, ನೀನು ಆಗಲೇ ಅಲ್ಲಿಗೆ ಬರುವುದನ್ನು ನಿಲ್ಲಿಸಿದ್ದೆ. ಕೋಚ್ ಸರಿಯಿಲ್ಲ ಅಂತ ಒಬ್ಬರು. ಡಿಸೆಂಬರಿನಲ್ಲಿ ಕ್ಯಾಪ್ಟನ್‌ನನ್ನು ಬೇರೆ ತಂಡಕ್ಕೆ ಕಳಿಸಿದಾಗಲೇ ನಾವು ಎಚ್ಚೆತ್ತುಕೊಳ್ಳಬೇಕಿತ್ತು ಅಂತ ಇನ್ನೊಬ್ಬರು. ಹೋಮ್ ಮ್ಯಾಚುಗಳನ್ನೆಲ್ಲ ವಾರದ ಮಧ್ಯದ ಸಂಜೆ ಐದಕ್ಕೆ ಇಟ್ಟರೆ ಕೆಲಸಕ್ಕೆ ಹೋಗುವವರು ಬರುವುದು ಹೇಗೆ, ಆಮೇಲೆ ಸ್ಟ್ಯಾಂಡ್ ಖಾಲಿ ಅಂತ ಫೋಟೋ ತೆಗೆದು ಹಾಕುವುದು ಯಾಕೆ ಅಂತ ಮಹಾಲಿಂಗಪ್ಪನವರು ಕೇಳಿದರು. ‘ಸೋತ್ರೆ ಸೋಲ್ಲಿ ಕಣಮ್ಮಾ. ಸೋಲೋದು ನಂಗೇನ್ ಹೊಸದಲ್ಲ. ಆದ್ರೆ ನಮ್ಮನ್ನ ಯಾರೋ ಬೇಕಂತ್ಲೇ ಸೋಲಿಸ್ತಾ ಇದಾರೆ ಅನ್ಸತ್ತೆ’ ಅಂದರು. ನಾನು ಅವರಿಗೆ ಸಮಾಧಾನ ಹೇಳಿದೆ. ಹರಿ ಒಳಗಿದ್ದಾಳಲ್ಲ, ಅಂಥದ್ದೇನಾದರೂ ಇದ್ದರೆ ನಮಗೆ ಹೇಳದೆ ಇರುತ್ತಾಳಾ ಅಂದೆ. ಆ ಮಾತು ನನ್ನ ಬಾಯಿಂದಲೇ ಬಂತು.

ಮೂರು ವಾರ ಕಳೆದು ಸುದ್ದಿ ಬಂತು. ಕ್ಲಬ್ ಬೇರೆ ಊರಿಗೆ ಹೋಗುತ್ತದೆ, ಒಪ್ಪಂದ ಆಗಿದ್ದು ಕಳೆದ ಸೆಪ್ಟೆಂಬರಿನಲ್ಲಿ. ಮೊದಲ ಆಟಕ್ಕೂ ಮುಂಚೆ. ಅಂದರೆ ನಾವು ಇಡೀ ಸೀಸನ್ ಕೂಗಿದ್ದು, ಆಗಲೇ ಹೊರಟು ನಿಂತವರಿಗೆ.

ಅದನ್ನೂ ನುಂಗಿಕೊಳ್ಳುತ್ತಿದ್ದೆ ಹರಿ. ನಿನ್ನದು ನೌಕರಿ, ಬಾಯಿ ಬಿಟ್ಟಿದ್ದರೆ ಹೋಗುತ್ತಿತ್ತು. ನಾನು ಕಾಗದ ಬರೆಯುತ್ತಿರುವುದು ಅದಕ್ಕಲ್ಲ. ನಮ್ಮ ಗೋಲ್‌ಕೀಪರ್ ತೇಜಸ್ ವಿಷಯಕ್ಕೆ.

ನವೆಂಬರಿನಲ್ಲಿ ನಾವಿಬ್ಬರೂ ನಿನ್ನ ತಂಗಿಯ ನಿಶ್ಚಿತಾರ್ಥಕ್ಕೆ ಸೀರೆ ತರಲು ಟಿ. ನಗರಕ್ಕೆ ಹೋಗಿದ್ದೆವಲ್ಲ. ಹಿಂದಿನ ದಿನ ಐದು ಗೋಲು ಬಿಟ್ಟು ಸೋತಿದ್ದೆವು. ನಮ್ಮ ಗೋಲ್‌ಕೀಪರಿಗೆ ಏನಾಗಿದೆ, ಇಪ್ಪತ್ತಮೂರರ ಹುಡುಗ, ಹೋದ ವರ್ಷ ಹಾಗೆ ಹಾರುತ್ತಿದ್ದವನು ಈ ವರ್ಷ ಎಡಗೈ ಎತ್ತುವುದೇ ಇಲ್ಲವಲ್ಲ ಅಂತ ಕೇಳಿದೆ. ನೀನು ಅಂಗಡಿಯವನು ಹಾಸಿದ ಸೀರೆಯ ಸೆರಗನ್ನು ಮುಟ್ಟಿ ನೋಡುತ್ತಾ ಹೇಳಿದೆ: ‘ಅವನಿಗೆ ಮನಸ್ಸೇ ಇಲ್ಲ ಡೀ. ಬೇರೆ ಟೀಮ್ ಜೊತೆ ಮಾತು ಪೇಸಿ ಮುಗಿಸಿದಾನೆ. ಸುಮ್ನೆ ಟೈಮ್ ತಳ್ತಾ ಇದಾನೆ. ಯಾರ್ ಕಿಟ್ಟೆಯೂ ಸೊಲ್ಲಾದೆ, ಪ್ರಾಮಿಸ್.’

ಯಾರ ಹತ್ತಿರವೂ ಹೇಳಲ್ಲ ಅಂತ ನಾನು ಪ್ರಾಮಿಸ್ ಮಾಡಿದೆ. ಮಾರನೆಯ ದಿನ ನಮ್ಮ ಅಭಿಮಾನಿಗಳ ಪೇಜಿನಲ್ಲಿ, ನನ್ನ ಹೆಸರು ಹಾಕದೆ, ‘ತೇಜಸ್ ಈಗಾಗಲೇ ನಮ್ಮವನಲ್ಲ’ ಅಂತ ಬರೆದೆ. ಹೌದು, ಅದು ನಾನೇ. ಯಾರಿಗೂ ಹೇಳಬೇಡ ಅಂದರೆ ನಾನು ಹೇಳಿಯೇ ಹೇಳುತ್ತೇನೆ ಅಂತ ನಿನಗೆ ಗೊತ್ತಿತ್ತಾ? ಈ ಪ್ರಶ್ನೆಗೆ ಉತ್ತರ ಬೇಕು ನನಗೆ.

ಮುಂದಿನ ಮ್ಯಾಚಿನಿಂದ ಅವನ ಕೈಗೆ ಚೆಂಡು ಬಂದಾಗಲೆಲ್ಲ ಈಸ್ಟ್ ಸ್ಟ್ಯಾಂಡ್ ಪೂರ್ತಿ ಎದ್ದು ನಿಂತು ಅವನಿಗೆ ಬೆನ್ನು ತಿರುಗಿಸಿತು. ಮಹಾಲಿಂಗಪ್ಪನವರು ಮಾತ್ರ ತಿರುಗಲಿಲ್ಲ. ನಾನು ತಿರುಗಿದೆ. ಏಳು ಹೋಮ್ ಮ್ಯಾಚು. ಸೀಸನ್ ಮುಗಿಯುವವರೆಗೂ ಮೇಲಿನವರ ಬಗ್ಗೆ ಒಬ್ಬರೂ ಮಾತಾಡಲಿಲ್ಲ.

ಏಪ್ರಿಲ್ ಕೊನೆಯ ವಾರ ಅವನು ನಾನು ಕೆಲಸ ಮಾಡುವ ಸ್ಕ್ಯಾನ್ ಸೆಂಟರಿಗೆ ಬಂದ. ರೋಗಿಗಳ ವಿಷಯ ಹೊರಗೆ ಹೇಳಬಾರದು, ಆದರೆ ನಿನಗೆ ಇದು ಹೊಸದಲ್ಲವಲ್ಲ. ಎಡ ಭುಜ. ಒಂಬತ್ತು ವರ್ಷದಿಂದ ಇಂಥ ಚಿತ್ರ ತೆಗೆಯುತ್ತಿದ್ದೇನೆ, ಡಾಕ್ಟರು ಹೇಳುವ ಮುಂಚೆಯೇ ಗೊತ್ತಾಗುತ್ತದೆ. ಕೀಲಿನ ಸುತ್ತಲ ಸ್ನಾಯು ಹರಿದಿತ್ತು. ನಿನ್ನೆ ಮೊನ್ನೆಯದಲ್ಲ, ತಿಂಗಳುಗಟ್ಟಲೆ ಅದರ ಮೇಲೇ ಬಿದ್ದು ಎದ್ದು ಹಾಳಾದದ್ದು. ಅಂಗಿ ಹಾಕಿಕೊಳ್ಳಲು ಅವನಿಗೆ ಕೈ ಎತ್ತಲಾಗಲಿಲ್ಲ. ನಾನು ತೋಳು ಹಿಡಿದುಕೊಂಡೆ, ಬಾಯಿತಪ್ಪಿ ಕನ್ನಡದಲ್ಲಿ ನಿಧಾನ ಅಂದೆ. ಅವನ ಮುಖ ಅರಳಿತು. ಕೊಳ್ಳೇಗಾಲದ ಹತ್ತಿರದವನಂತೆ. ಈ ಊರಲ್ಲಿ ಕನ್ನಡ ಕೇಳಿ ಎಷ್ಟು ದಿನವಾಯಿತು ಅಂದ.

ಯಾವಾಗ ಪೆಟ್ಟಾಯಿತು ಅಂತ ಕೇಳಿದೆ.

‘ಅಕ್ಟೋಬರಲ್ಲೇ ಮೇಡಂ. ಎರಡ್ನೇ ಮ್ಯಾಚು. ಅವಾಗ್ಲೇ ಹೇಳಿದ್ದೆ ಅವರ್ಗೆ. ಮೀಟಿಂಗಲ್ಲಿ ನಿಮ್ ತರ ಕನ್ನಡ ಮಾತಾಡೋ ಒಬ್ರು ಮೇಡಂ ಇದ್ರು, ಹರಿಪ್ರಿಯಾ ಅಂತ. ನನ್ನ ಪಕ್ಕದಲ್ಲಿ ಕೂತ್ಕೊಂಡು ಅವರೇ ತಿಳಿಸಿ ಹೇಳಿದ್ರು. ಬೇರೆ ಕೀಪರ್ ಇಲ್ಲಪ್ಪಾ, ಸೀಸನ್ ಮುಗಿಯೋಗಂಟ ತಡ್ಕೋ, ಆಪರೇಷನ್ ಎಲ್ಲಾ ಕ್ಲಬ್ಬೇ ನೋಡ್ಕೊಳುತ್ತೆ, ಹೊರಗಡೆ ಯಾರ್ಗೂ ಹೇಳ್ಬೇಡ ಅಂತ. ನಮ್ ಭಾಷೇಲೇ ಹೇಳಿದ್ರಲ್ಲ, ನಂಬ್ದೆ.’

ಅಕ್ಟೋಬರಿನಲ್ಲಿ ಅವನ ಪಕ್ಕ ಕೂತು ಹಾಗೆ ಹೇಳಿದವಳು, ನವೆಂಬರಿನಲ್ಲಿ ನನ್ನ ಪಕ್ಕ ನಿಂತು ಹಾಗೆ ಹೇಳಿದೆ. ಎರಡೂ ಕನ್ನಡದಲ್ಲೇ.

ಈಸ್ಟ್ ಸ್ಟ್ಯಾಂಡ್ ಮೊದಲ ಸಲ ತಿರುಗಿ ನಿಂತಾಗ, ನಮ್ಮ ಹಿಂದೆ ಎಲ್ಲೋ ಬೆಂಕಿ ಹತ್ತಿಕೊಂಡಿದೆ, ಎಲ್ಲರೂ ಅದನ್ನು ನೋಡುತ್ತಿದ್ದಾರೆ ಅಂದುಕೊಂಡನಂತೆ. ಆಟದ ಮಧ್ಯೆ ಅವನೂ ಒಂದು ಕ್ಷಣ ಅತ್ತ ಹೊಗೆ ಹುಡುಕಿದನಂತೆ. ಅದನ್ನು ಹೇಳಿ ನಕ್ಕ. ಆಮೇಲೆ ನೀವು ಮ್ಯಾಚ್ ನೋಡ್ತಿದ್ರಾ ಮೇಡಂ ಅಂತ ಕೇಳಿದ. ಒಂದೆರಡು ಸಲ ಬಂದಿದ್ದೆ ಅಂದೆ.

ಇನ್ನೊಂದು ವಿಷಯ ಬರೆಯಬಾರದು ಅಂದುಕೊಂಡಿದ್ದೆ, ಬರೆಯುತ್ತೇನೆ. ಜನವರಿಯಲ್ಲಿ ಗಾಳಿಸುದ್ದಿ ಎದ್ದಾಗ ಕ್ಲಬ್ ‘ನಾವು ಎಲ್ಲಿಗೂ ಹೋಗುವುದಿಲ್ಲ’ ಅಂತ ಅಭಿಮಾನಿಗಳಿಗೆ ಒಂದು ಬಹಿರಂಗ ಪತ್ರ ಹೊರಡಿಸಿತಲ್ಲ, ಕೆಳಗೆ ಮಾಲೀಕರ ಸಹಿ. ಮೋಹನ್ ಅದನ್ನು ತಿಂಡಿ ತಿನ್ನುತ್ತಾ ಜೋರಾಗಿ ಓದಿದರು. ನಡುವೆ ಒಂದು ಪ್ಯಾರಾ. ಹೊಟ್ಟೆಯಲ್ಲಿದ್ದ ಮಗುವನ್ನು ಕಳೆದುಕೊಂಡ ಹೆಣ್ಣೊಬ್ಬಳು ನಾಲ್ಕನೇ ದಿನ ಯಾರಿಗೂ ಹೇಳದೆ ನಮ್ಮ ಸ್ಟ್ಯಾಂಡಿಗೆ ಬಂದು ಕೂತಳು, ಗೋಲು ಬಿದ್ದಾಗ ಹೊಟ್ಟೆ ತುಂಬ ಅತ್ತಳು, ಸುತ್ತ ಇದ್ದವರು ಸಂತೋಷಕ್ಕೆ ಅಳುತ್ತಿದ್ದಾಳೆ ಅಂದುಕೊಂಡು ತಬ್ಬಿಕೊಂಡರು, ಇಂಥ ಮನೆಯನ್ನು ನಾವು ಬಿಟ್ಟು ಹೋಗುವೆವೇ ಅಂತ. ಮೋಹನ್ ಓದಿ, ಯಾರೋ ಪಾಪ ಅಂದರು. ನಾನು ಹೌದು ಪಾಪ ಅಂದು ಇನ್ನೊಂದು ದೋಸೆ ಹಾಕಿದೆ.

ಆ ನಾಲ್ಕನೇ ದಿನ ನಾನು ಮನೆಯಲ್ಲಿ ಮಲಗಿದ್ದೇನೆ ಅಂತ ಅವರು ನಂಬಿದ್ದರು. ಎಲ್ಲಿಗೆ ಹೋಗಿದ್ದೆ ಅನ್ನುವುದು ಗೊತ್ತಿದ್ದದ್ದು ಈ ಪ್ರಪಂಚದಲ್ಲಿ ನಿನಗೊಬ್ಬಳಿಗೆ. ತಬ್ಬಿಕೊಂಡವಳೂ ನೀನೇ. ಆರು ವರ್ಷ ಜೋಪಾನವಾಗಿ ಇಟ್ಟುಕೊಂಡಿದ್ದನ್ನು ಟಿಕೆಟ್ ಮಾರಲು ತೆಗೆದೆಯಲ್ಲ. ಮೊನ್ನೆ ಮೋಹನ್‌ಗೆ ಎಲ್ಲ ಹೇಳಿಬಿಟ್ಟೆ. ಅವರು ಸಿಟ್ಟು ಮಾಡಲಿಲ್ಲ. ತುಂಬ ಹೊತ್ತು ಕೈ ತೊಳೆದುಕೊಂಡು ಬಂದು, ‘ನಂಗೂ ಅವತ್ತು ಎಲ್ಲಾದ್ರೂ ಹೋಗಿ ಅಳ್ಬೇಕು ಅನ್ಸಿತ್ತು. ನನ್ನೂ ಕರ್ಕೊಂಡ್ ಹೋಗ್ಬೋದಿತ್ತು’ ಅಂದರು.

ನಿನ್ನಿಂದ ನನಗೆ ಕ್ಷಮೆ ಬೇಡ. ಒಂದೇ ಕೆಲಸ ಮಾಡು. ತೇಜಸ್‌ನನ್ನು ಈಗ ಯಾವ ತಂಡವೂ ಕರೆಯುತ್ತಿಲ್ಲ. ಮನಸ್ಸಿಟ್ಟು ಆಡದವನು, ಸ್ವಂತ ಅಭಿಮಾನಿಗಳೇ ಬಿಟ್ಟವನು ಅಂತ ಹೆಸರು ಬಂದಿದೆ. ಅಕ್ಟೋಬರಿನಿಂದ ಅವನು ಹರಿದ ಭುಜದಲ್ಲಿ ಆಡಿದ, ಆಡಿಸಿದ್ದು ಕ್ಲಬ್ಬು ಅಂತ ನೀನು ಬರೆದು ಪ್ರಕಟಿಸು. ನಿನ್ನ ಸ್ವಂತ ಹೆಸರಿನಲ್ಲಿ. ಮಾಲೀಕರ ಸಹಿಗೆ ಅಷ್ಟು ಚೆನ್ನಾಗಿ ಬರೆದವಳು ಇದನ್ನೂ ಬರೆಯಬಲ್ಲೆ. ನೌಕರಿ ಹೋಗುತ್ತದೆ ಅಂತ ಗೊತ್ತು. ಅವನಿಗೆ ಹೋದದ್ದೂ ನೌಕರಿಯೇ.

ನಾನು ಬರೆದ ಪೋಸ್ಟನ್ನು ಅಳಿಸಿದ್ದೇನೆ. ಅಷ್ಟರಿಂದ ಏನೂ ಆಗುವುದಿಲ್ಲ, ಅದೂ ಗೊತ್ತು.

ಮಹಾಲಿಂಗಪ್ಪನವರು ಡ್ರಮ್ ಅನ್ನು ಅಂಗಡಿಯ ಅಟ್ಟಕ್ಕೆ ಹಾಕಿದ್ದಾರೆ. ನಿನ್ನನ್ನು ಕೇಳಿದರು. ಚೆನ್ನಾಗಿದ್ದಾಳೆ ಅಂದೆ.

ಒಂದು ಕಾಲದ ನಿನ್ನ ಪಕ್ಕದ ಸೀಟಿನವಳು,
ಬೃಂದಾ

ಮರೆತ ಮಾತು: ಗುರುವಾರ ತೇಜಸ್‌ಗೆ ಆಪರೇಷನ್ ಆಯಿತು. ಊರಿಂದ ಅವನ ತಾಯಿ ಸಣ್ಣಮ್ಮ ಬಂದಿದ್ದಾರೆ. ಅವರಿಗೆ ತಮಿಳು ಬಾರದು, ಈ ಊರಲ್ಲಿ ಅವನಿಗೆ ಗೊತ್ತಿದ್ದ ಕನ್ನಡದವಳು ನಾನೊಬ್ಬಳೇ, ಹಾಗಾಗಿ ನಮ್ಮ ಮನೆಯಲ್ಲೇ ಉಳಿದಿದ್ದಾರೆ. ನಾನು ಇದನ್ನು ಬರೆಯುತ್ತಿರುವಾಗ ಅಡುಗೆಮನೆಯಲ್ಲಿ ಬಸ್ಸಾರು ಮಾಡುತ್ತಿದ್ದಾರೆ, ಬೇಡವೆಂದರೂ ಕೇಳುವುದಿಲ್ಲ. ‘ನನ್ ಮಗುಂಗೂ ನಿಮ್ಗೂ ಎಂಗವ್ವಾ ಗುರ್ತು?’ ಅಂತ ಬೆಳಿಗ್ಗೆ ಕೇಳಿದರು. ಅವನ ಆಟ ಅಂದರೆ ನನಗೆ ಪ್ರಾಣ ಅಂದೆ. ಅವರು ನನ್ನ ಎರಡೂ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡರು. ನಾನು ಕೈ ಬಿಡಿಸಿಕೊಳ್ಳಲಿಲ್ಲ ಹರಿ.